ಮಕ್ಕಳ ಮನಸ್ಸು ಕಟ್ಟಿದ ಮನೆಗಳು

ಹಾನಗಲ್ಲೆಂದರೆ ಕದಂಬರು, ಸವಣೂರೆಂದರೆ ನವಾಬರು. ಚರಿತ್ರೆಯ ಪುಸ್ತಕಗಳು ಊರುಗಳನ್ನು ಗುರುತಿಸುವುದು ಅರಸರ ಹೆಸರಿನಿಂದಲೇ. ಆದರೆ ಮನೆಯೊಳಗೆ ಮಕ್ಕಳು ಬೆಳೆದ ಬಗೆಗೂ ಒಂದು ಚರಿತ್ರೆಯಿದೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಗೆ ಸೇರಿದ ಈ ಸೀಮೆಯಲ್ಲಿ ಅದರ ಕುರುಹುಗಳು ಸಿಗುತ್ತವೆ.

ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಶರೀಫರು ಹುಟ್ಟಿದರು. ತಂದೆ ಇಮಾಮ ಸಾಹೇಬರು ಹುಲಗೂರಿನ ಸೂಫಿ ಪರಂಪರೆಗೆ ನಡೆದುಕೊಳ್ಳುತ್ತಿದ್ದವರು. ಮನೆಯಲ್ಲಿ ಮಗನಿಗೆ ರಾಮಾಯಣ, ಮಹಾಭಾರತಗಳ ಕತೆಗಳೂ ಅಲ್ಲಮಪ್ರಭುವಿನ ಮಾತೂ ಕಿವಿಗೆ ಬಿದ್ದವು. ಮುಂದೆ ಕಳಸದ ಗೋವಿಂದ ಭಟ್ಟರು ಅವರಿಗೆ ಗುರುಗಳಾದರು. "ನಿನ್ನ ಅಪ್ಪ ಯಾರು?" ಎಂದು ಭಟ್ಟರು ಕೇಳಿದಾಗ, ನಿಮ್ಮ ಅಪ್ಪನೇ ನನ್ನ ಅಪ್ಪ ಎಂಬರ್ಥದಲ್ಲಿ ಹುಡುಗ ಉತ್ತರಿಸಿದನೆಂಬ ಕತೆ ಇಂದಿಗೂ ಆ ಕಡೆ ಪ್ರಚಲಿತ. ಕತೆ ನಿಜವೋ ಅಲ್ಲವೋ, ಹಿರಿಯರ ಎದುರು ಅಂಜದೆ ಮಾತಾಡುವ ಧೈರ್ಯ ಹೆದರಿಸಿ ಬೆಳೆಸಿದ ಮನೆಯಲ್ಲಿ ಹುಟ್ಟುವಂಥದ್ದಲ್ಲ. ಮುಂದೆ ಪತ್ನಿಯನ್ನು ಕಳೆದುಕೊಂಡ ಶರೀಫರು ಕಹಿಯಾಗಲಿಲ್ಲ. ಮಾಳಿಗೆ, ಬಾವಿ, ತೇರು, ಗಿರಣಿ ಇವೇ ಅವರ ಪದಗಳಲ್ಲಿ ಬದುಕಿನ ಮಾತಾದವು. 1889ರಲ್ಲಿ ಅವರು ತೀರಿಕೊಂಡಾಗ ಎರಡೂ ಧರ್ಮದವರು ತಮ್ಮವರೆಂದೇ ಬೀಳ್ಕೊಟ್ಟರು.

ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳದು ಇನ್ನೊಂದು ಬಗೆ. ಹಸುಗೂಸಿರುವಾಗಲೇ ದೃಷ್ಟಿ ಹೋಯಿತು, ಎಳವೆಯಲ್ಲೇ ತಂದೆ ತಾಯಿ ತೀರಿಕೊಂಡರು. ಸಾಕಿದವರು ಸೋದರಮಾವ ಚಂದ್ರಶೇಖರಯ್ಯ. ಅಳಿಯ ಹಾರ್ಮೋನಿಯಂ ಮೇಲೆ ಬೆರಳಾಡಿಸುವುದನ್ನು ಗಮನಿಸಿ, ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳ ಬಳಿಗೆ ಕರೆದೊಯ್ದರು. ಪ್ರೀತಿ ಪಡೆದ ಆ ಹುಡುಗ ಮುಂದೆ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ, ಅನಾಥ ಮಕ್ಕಳಿಗೆ ತಾಯಿಯಾದರು. 2010ರಲ್ಲಿ ಪದ್ಮಭೂಷಣ ಬಂದ ವರ್ಷವೇ ಅಗಲಿದರು.

ಹಿರೇಕೆರೂರ ಸೀಮೆಯ ಸರ್ವಜ್ಞನ ಕುರಿತ ಐತಿಹ್ಯ ಇದಕ್ಕೆ ವಿರುದ್ಧ. ಹುಟ್ಟಿನ ಪ್ರಶ್ನೆ ಎತ್ತಿದ ಮಗ ಮನೆ ಬಿಟ್ಟು ಊರೂರು ಅಲೆದನಂತೆ. ಮನೆ ಕೈಬಿಟ್ಟವನನ್ನು ಲೋಕ ಕೈಹಿಡಿಯಿತು ನಿಜ. ಆದರೆ ಮನೆ ಬಿಟ್ಟವರೆಲ್ಲ ಸರ್ವಜ್ಞರಾಗುವುದಿಲ್ಲ.

ತನ್ನ ಭಾವನೆಯನ್ನು ಅರಿಯುವ, ಇತರರ ನೋವನ್ನು ಗ್ರಹಿಸುವ ಶಕ್ತಿಗೆ 1990ರಲ್ಲಿ ಪೀಟರ್ ಸ್ಯಾಲೊವಿ ಮತ್ತು ಜಾನ್ ಮೇಯರ್ ಎಂಬ ಮನೋವಿಜ್ಞಾನಿಗಳು 'ಭಾವನಾತ್ಮಕ ಬುದ್ಧಿಮತ್ತೆ' ಎಂಬ ಹೆಸರಿನಡಿ ವಿವರಣೆ ಕೊಟ್ಟರು. 1995ರಲ್ಲಿ ಡೇನಿಯಲ್ ಗೋಲ್‌ಮನ್ನರ ಪುಸ್ತಕದಿಂದ ಅದು ಮನೆಮಾತಾಯಿತು. ಹೆಸರು ಹೊಸದು, ಪಾಠ ಹಳೆಯದು. ಮಗು ತನ್ನ ಸಿಟ್ಟನ್ನೂ ದುಃಖವನ್ನೂ ನಿಭಾಯಿಸುವುದನ್ನು ಮೊದಲು ಕಲಿಯುವುದು ಹಿರಿಯರನ್ನು ನೋಡಿಯೇ.

ಈ ಮೂವರ ಬದುಕಿನಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮನಸ್ಸನ್ನು ಕಟ್ಟಿದ್ದು ಅಪ್ಪ ಅಮ್ಮ ಮಾತ್ರವಲ್ಲ, ಸೋದರಮಾವ, ಗುರು, ನೆರೆಕೇರಿಯ ಸಂತರು, ಒಮ್ಮೊಮ್ಮೆ ಬೇರೆ ಧರ್ಮದ ಮನೆಯವರು. ಇಂದು ನಮ್ಮ ಮಕ್ಕಳಿಗೆ ಅಂಕಗಳ ಬಗ್ಗೆ ಕೇಳುವವರು ಬಹಳ, ಬೇಸರದ ಬಗ್ಗೆ ಕೇಳುವವರು ಕಡಿಮೆ. ಆಚೆ ಬೀದಿಯ ಮಕ್ಕಳ ಮನೆಗೆ ಹೋಗಬೇಡವೆಂದು ತಡೆಯುವುದೂ ಹೆಚ್ಚಾಗಿದೆ. ತನ್ನವರ ಕಣ್ಣೀರು ಮಾತ್ರ ಕಾಣುವಂತೆ ಬೆಳೆದ ಮಗುವಿಗೆ ನಾಳೆ ತನ್ನವರ ಕಣ್ಣೀರೂ ಕಾಣಿಸದೆ ಹೋಗಬಹುದು. ಇಮಾಮ ಸಾಹೇಬರು ತೆರೆದಿಟ್ಟ ಬಾಗಿಲನ್ನು ನಾವು ಮುಚ್ಚುತ್ತಿದ್ದೇವೆಯೇ ಎಂದು ಪ್ರತಿಯೊಂದು ಮನೆಯೂ ಕೇಳಿಕೊಳ್ಳಬೇಕಾಗಿದೆ.