ಕರುಳಿನ ದೀರ್ಘವ್ಯಾಧಿ ಮತ್ತು ಶುಶ್ರೂಷಕಿಯರ ಭಾವಸ್ವಾಸ್ಥ್ಯ: ಚಿಕ್ಕಬಳ್ಳಾಪುರ ಸೀಮೆಯ ಸಂದರ್ಭದಲ್ಲಿ ಒಂದು ವಿವೇಚನೆ

ಕನ್ನಡದಲ್ಲಿ ‘ಕರುಳು’ ಎಂಬುದು ದೇಹದ ಒಂದು ಅಂಗದ ಹೆಸರಾಗಿರುವಂತೆಯೇ ಮರುಕದ ನೆಲೆಯ ಹೆಸರೂ ಆಗಿದೆ. ಹೆತ್ತ ಕರುಳು, ಕರುಳಿನ ಕುಡಿ, ಕರುಳು ಚುರುಕ್ಕೆನ್ನುವುದು, ಕರುಳು ಕಿತ್ತು ಬರುವುದು ಎಂಬ ನುಡಿಗಟ್ಟುಗಳಲ್ಲಿ ಅಂಗ ಮತ್ತು ಭಾವಗಳನ್ನು ಬಿಡಿಸಿ ನೋಡುವುದು ಕಷ್ಟ. ಆಂಧ್ರದ ಗಡಿಗೆ ಹೊಂದಿಕೊಂಡಿರುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಅದರಲ್ಲೂ ಗೌರಿಬಿದನೂರು ಮತ್ತು ಚಿಂತಾಮಣಿ ಕಡೆಯ ಅನೇಕ ಮನೆಗಳಲ್ಲಿ, ಕನ್ನಡದ ಜೊತೆಗೆ ಆಡುವ ತೆಲುಗಿನ ‘ಪೇಗು’ ಎಂಬ ಮಾತೂ ಇದೇ ಎರಡು ಅರ್ಥಗಳನ್ನು ಹೊತ್ತಿದೆ. ಭಾವದ ವಿಷಯದಲ್ಲಿ ಇಷ್ಟು ಧಾರಾಳವಾಗಿ ಬಳಕೆಯಾಗುವ ಈ ಮಾತು, ಕರುಳಿಗೇ ರೋಗ ಬಂದಾಗ ಮಾತ್ರ ಹಿಂಜರಿಯುತ್ತದೆ. ‘ಹೊಟ್ಟೆ ಸರಿಯಿಲ್ಲ’, ‘ಹೊರಕಡೆ ಜಾಸ್ತಿ ಆಗ್ತಿದೆ’ ಎಂಬ ಮರೆಮಾತುಗಳ ಹಿಂದೆ ರೋಗ ವರ್ಷಗಟ್ಟಲೆ ಅಡಗಿರುತ್ತದೆ. ಆ ಮರೆಯನ್ನು ದಿನವೂ ದಾಟಿ ಒಳಹೋಗಬೇಕಾದವರು ಶುಶ್ರೂಷಕಿಯರು. ಅವರ ಮನಸ್ಸಿನ ಸ್ಥಿತಿಗತಿಯನ್ನು ಅವರ ವೈಯಕ್ತಿಕ ಗಟ್ಟಿತನದ ಪ್ರಶ್ನೆಯಾಗಿ ಕಾಣದೆ, ಅವರ ಕೆಲಸದ ಸ್ವರೂಪ ಮತ್ತು ಆ ಕೆಲಸವನ್ನು ಆಸ್ಪತ್ರೆ ಏರ್ಪಡಿಸಿರುವ ರೀತಿಯಿಂದ ಹುಟ್ಟುವ ಪ್ರಶ್ನೆಯಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಪುರುಷ ಶುಶ್ರೂಷಕರೂ ಈ ವೃತ್ತಿಯಲ್ಲಿದ್ದಾರೆ. ಬಹುಪಾಲು ಮಹಿಳೆಯರೇ ಆಗಿರುವುದರಿಂದ ಇಲ್ಲಿ ಸ್ತ್ರೀಲಿಂಗ ರೂಪವನ್ನು ಬಳಸಲಾಗಿದೆ.

ಇಲ್ಲಿ ದೀರ್ಘವ್ಯಾಧಿ ಎಂದರೆ, ವೈದ್ಯರು ‘ಐ.ಬಿ.ಡಿ.’ ಎಂದು ಕರೆಯುವ, ಕರುಳಿನಲ್ಲಿ ಉರಿಯೂತ ಉಂಟಾಗಿ ವಾಸಿಯಾದಂತೆ ಕಂಡು ಮತ್ತೆ ಮರಳುವ ಎರಡು ರೋಗಗಳು. ಮೊದಲನೆಯದು ದೊಡ್ಡ ಕರುಳಿನ ಒಳಮೈಯಲ್ಲಿ ಹುಣ್ಣುಗಳೆದ್ದು ರಕ್ತಮಿಶ್ರಿತ ಭೇದಿಯಾಗುವ ಅಲ್ಸರೇಟಿವ್ ಕೊಲೈಟಿಸ್. ಈ ಹೆಸರನ್ನು ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ವಿಲ್ಕ್ಸ್ 1859ರಲ್ಲಿ ಬಳಸಿದನು. ಎರಡನೆಯದು ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಂಡು ಕರುಳಿನ ಗೋಡೆಯ ಆಳಕ್ಕೆ ಇಳಿಯುವ ಕ್ರೋನ್ಸ್ ರೋಗ. ಇದನ್ನು 1932ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್ ಮತ್ತು ಓಪನ್‌ಹೈಮರ್ ವಿವರಿಸಿದರು. ಇವು ಪಾಶ್ಚಾತ್ಯ ದೇಶಗಳ ರೋಗಗಳೆಂಬ ನಂಬಿಕೆ ಬಹುಕಾಲ ಇತ್ತು. ಪಂಜಾಬಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇರುವುದನ್ನು ತೋರಿಸಿಕೊಟ್ಟ ಮೇಲೆ ಆ ನಂಬಿಕೆಗೆ ಆಧಾರ ಉಳಿಯಲಿಲ್ಲ. ಎರಡೂ ರೋಗಗಳು ಹೆಚ್ಚಾಗಿ ಹರೆಯದವರನ್ನು, ಅಂದರೆ ದುಡಿಯುವ ಮತ್ತು ಮದುವೆಯ ವಯಸ್ಸಿನವರನ್ನು ಹಿಡಿಯುತ್ತವೆ. ಔಷಧಿಯಿಂದ ರೋಗವನ್ನು ಹತೋಟಿಯಲ್ಲಿಡಬಹುದೇ ಹೊರತು ಬೇರುಸಹಿತ ಕೀಳಲು ಆಗುವುದಿಲ್ಲ.

ಆರೈಕೆಯ ವೃತ್ತಿಗಳಲ್ಲಿನ ಮನೋದಣಿವನ್ನು ಕುರಿತ ಚಿಂತನೆ ಕಳೆದ ಐವತ್ತು ವರ್ಷಗಳಲ್ಲಿ ಕೆಲವು ಪರಿಕಲ್ಪನೆಗಳನ್ನು ರೂಪಿಸಿದೆ. ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದ ಅಳತೆಗೋಲು ವೃತ್ತಿದಣಿವನ್ನು ಮೂರು ಮುಖಗಳಲ್ಲಿ ಗುರುತಿಸುತ್ತದೆ: ಭಾವ ಬರಿದಾಗುವುದು, ಎದುರಿಗಿರುವವರನ್ನು ಮನುಷ್ಯರಂತೆ ಕಾಣದೆ ‘ಕೇಸು’ಗಳಂತೆ ಕಾಣತೊಡಗುವುದು, ತನ್ನ ಕೆಲಸದಿಂದ ಏನೂ ಆಗುತ್ತಿಲ್ಲವೆಂದು ಅನಿಸತೊಡಗುವುದು. ಅನಿಸಿದ್ದನ್ನು ಅದುಮಿ, ಕೆಲಸ ಬಯಸುವ ಮುಖಭಾವವನ್ನು ತಂದುಕೊಳ್ಳುವ ದುಡಿಮೆಯನ್ನು ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಭಾವಶ್ರಮವೆಂದು ಕರೆದರು. ಮಾಡಬೇಕಾದುದು ಏನೆಂದು ತಿಳಿದಿದ್ದೂ ಸಂಸ್ಥೆಯ ಕಟ್ಟುಪಾಡಿನಿಂದಾಗಿ ಮಾಡಲಾಗದೆ ಹೋಗುವ ಸ್ಥಿತಿಗೆ ಆಂಡ್ರ್ಯೂ ಜೇಮ್ಟನ್ 1984ರಲ್ಲಿ ನೈತಿಕ ಸಂಕಟವೆಂಬ ಹೆಸರು ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗ ವರ್ಗೀಕರಣದಲ್ಲಿ ವೃತ್ತಿದಣಿವನ್ನು ಕಾಯಿಲೆಯೆಂದಲ್ಲ, ಕೆಲಸದ ಸ್ಥಳಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಸೇರಿಸಿರುವುದು ಗಮನಾರ್ಹ. ಇವುಗಳ ಪೈಕಿ ಕರುಳಿನ ರೋಗಿಗಳ ಶುಶ್ರೂಷೆಗೆ ಭಾವಶ್ರಮ ಮತ್ತು ನೈತಿಕ ಸಂಕಟಗಳೇ ಹೆಚ್ಚು ಹತ್ತಿರವಾದುವು.

ಕಾರಣವನ್ನು ಕೆಲಸದ ಒಳಗೇ ಹುಡುಕಬೇಕು. ಅಲ್ಸರೇಟಿವ್ ಕೊಲೈಟಿಸ್ ಉಲ್ಬಣಿಸಿದ ರೋಗಿ ವಾರ್ಡಿಗೆ ಸೇರಿದ ಕೂಡಲೇ ಆರಂಭವಾಗುವುದು ಭೇದಿಯ ಲೆಕ್ಕ: ಎಷ್ಟು ಸಲ, ಎಷ್ಟು ನೀರಾಗಿ, ರಕ್ತ ಎಷ್ಟು, ರಾತ್ರಿ ನಿದ್ದೆಯಿಂದ ಎಬ್ಬಿಸಿದ್ದು ಎಷ್ಟು ಬಾರಿ. 1955ರಲ್ಲಿ ಟ್ರೂಲವ್ ಮತ್ತು ವಿಟ್ಸ್ ರೂಪಿಸಿದ ಮಾನದಂಡದ ಪ್ರಕಾರ ದಿನಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಸಲ ರಕ್ತಭೇದಿಯಾಗಿ, ಅದರ ಜೊತೆಗೆ ಜ್ವರ, ವೇಗದ ನಾಡಿ, ರಕ್ತಹೀನತೆಯಂಥ ಲಕ್ಷಣ ಕಂಡರೆ ರೋಗ ತೀವ್ರವಾಗಿದೆಯೆಂದು ಅರ್ಥ. ಆಕ್ಸ್‌ಫರ್ಡಿನ ವೈದ್ಯರು 1996ರಲ್ಲಿ ತೋರಿಸಿಕೊಟ್ಟಂತೆ, ಸ್ಟೀರಾಯ್ಡ್ ಆರಂಭಿಸಿದ ಮೂರನೆಯ ದಿನವೂ ಎಂಟಕ್ಕಿಂತ ಹೆಚ್ಚು ಸಲ ಭೇದಿಯಾಗುತ್ತಿದ್ದರೆ, ಅದೇ ದಾಖಲಾತಿಯಲ್ಲಿ ದೊಡ್ಡ ಕರುಳನ್ನು ತೆಗೆಯಬೇಕಾಗಿ ಬರುವ ಸಾಧ್ಯತೆ ಸುಮಾರು ಶೇ. 85. ವಾರ್ಡಿನಲ್ಲಿ ಎಲ್ಲಕ್ಕಿಂತ ಕೀಳೆಂದು ಎಣಿಸಲಾಗುವ ಕೆಲಸವೇ ರೋಗಿಯ ಕರುಳು ಉಳಿಯುವುದೋ ಹೋಗುವುದೋ ಎಂಬುದನ್ನು ತೀರ್ಮಾನಿಸುವ ಅಂಕಿಯನ್ನು ಕೊಡುತ್ತದೆ. ರಾತ್ರಿ ಎರಡು ಗಂಟೆಗೆ ಶೌಚಾಲಯದ ಕಡೆಗೆ ಸರಿಯುವ ಚಪ್ಪಲಿಯ ಸದ್ದನ್ನು ಕೇಳಿ, ಬೇರೊಬ್ಬರ ಡ್ರಿಪ್ ಬದಲಿಸುತ್ತಲೇ ಆ ಹೋಗಿಬರುವಿಕೆಯನ್ನು ನೆನಪಿನಲ್ಲಿಟ್ಟುಕೊಂಡು, ನಾಚಿಕೆಯಿಂದ ಒಂದೆರಡು ಸಲವನ್ನು ಮುಚ್ಚಿಡುವ ರೋಗಿಯನ್ನು ನೋಯಿಸದ ಹಾಗೆ ವಿಚಾರಿಸಿ, ಬೆಳಗಿನ ಹ್ಯಾಂಡ್‌ಓವರ್‌ಗೆ ಮುಂಚೆ ಚಾರ್ಟಿನಲ್ಲಿ ಒಂಬತ್ತು ಎಂದು ಬರೆಯುವ ಶುಶ್ರೂಷಕಿಗೆ ಆ ಒಂಬತ್ತರ ಅರ್ಥ ಗೊತ್ತಿರುತ್ತದೆ. ರೌಂಡ್ಸ್‌ಗೆ ಬಂದ ವೈದ್ಯರು ಅಂಕಿಯನ್ನು ಓದುತ್ತಾರೆ. ಅದನ್ನು ಬರೆದ ಕೈಯ ಅಳುಕನ್ನು ದಾಖಲಿಸುವ ರೂಢಿ ಎಲ್ಲಿಯೂ ಇಲ್ಲ.

ಎರಡನೆಯ ಕಾರಣ ಮಡಿ ಮೈಲಿಗೆಯ ಸಂಸ್ಕಾರ. ಮಲವನ್ನು ಮುಟ್ಟುವ ಕೆಲಸವನ್ನು ಜಾತಿಯ ತಳದವರಿಗೆ ಹೊರಿಸಿದ ಸಮಾಜದಲ್ಲಿ, ಓದಿ ಪದವಿ ಪಡೆದ ಹೆಣ್ಣುಮಗಳು ಅದನ್ನೇ ವೃತ್ತಿಯ ಭಾಗವಾಗಿ ಮಾಡುವಾಗ ಅವಳಿಗೆ ಸಿಗುವ ಗೌರವ ಯಾವಾಗಲೂ ಅರೆಬರೆಯದು. ಸರ್ಕಾರಿ ದಾಖಲೆಯಲ್ಲಿ ಈಗ ಅವಳು ಶುಶ್ರೂಷಾಧಿಕಾರಿ, ರೋಗಿಗೆ ‘ಸಿಸ್ಟರ್’, ಹಳ್ಳಿಯಿಂದ ಬಂದ ಅಜ್ಜಿಗೆ ‘ನರ್ಸಮ್ಮ’. ಆದರೆ ಮನೆಯಲ್ಲಿ ಸ್ನಾನವಾಗದೆ ಅಡುಗೆಮನೆಗೆ ಕಾಲಿಡಬಾರದೆಂಬ ಮಾತು ಸ್ವಚ್ಛತೆಯ ಹೆಸರಿನಲ್ಲಿ ಬಂದರೂ ಅದರ ಒಳಗೆ ಮೈಲಿಗೆಯ ದನಿಯಿರುವುದು ಅವಳಿಗೆ ತಿಳಿಯದೆ ಇರುವುದಿಲ್ಲ. ಆದಕಾರಣ ಕೆಲಸದ ಅತ್ಯಂತ ಕಷ್ಟದ ಭಾಗವನ್ನು ಆಕೆ ಮನೆಯಲ್ಲಿ ಹೇಳಿಕೊಳ್ಳಲಾರಳು, ಮತ್ತು ಹೇಳಿಕೊಳ್ಳಲಾಗದ ದುಃಖ ಬೇಗ ಆರುವುದಿಲ್ಲ.

ಆದರೆ ಮುಟ್ಟುವ ಕೆಲಸ ಬರೀ ಹೊರೆಯೆಂದು ಹೇಳಿದರೆ ಅದು ಅರ್ಧಸತ್ಯ. ಶಸ್ತ್ರಚಿಕಿತ್ಸೆಯಲ್ಲಿ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಹೊಲಿದಾಗ ಉಂಟಾಗುವ ಕೆಂಪು ದ್ವಾರಕ್ಕೆ ಸ್ಟೋಮಾ ಎನ್ನುತ್ತಾರೆ. ಅದರ ಮೇಲೆ ಅಂಟಿಸುವ ಚೀಲದಲ್ಲಿ ಮಲ ಸಂಗ್ರಹವಾಗುತ್ತದೆ. ಶುಶ್ರೂಷಕಿ ಸ್ಟೋಮಾದ ಸುತ್ತಳತೆ ನೋಡಿ, ಅಂಟುಬಿಲ್ಲೆಯ ನಡುವೆ ಕತ್ತರಿಯಿಂದ ಅದಕ್ಕೆ ಹೊಂದುವ ಅಗಲದ ರಂಧ್ರ ಕೊರೆದು, ಸುತ್ತಲಿನ ಚರ್ಮವನ್ನು ಒರೆಸಿ ಒಣಗಿಸಿ, ಅಂಗೈಯ ಕಾವಿನಿಂದ ಬಿಲ್ಲೆಯನ್ನು ಒತ್ತಿ ಹಿಡಿಯುತ್ತಾಳೆ. ರಂಧ್ರ ಬೇಕಾದುದಕ್ಕಿಂತ ದೊಡ್ಡದಾದರೆ ದ್ರವ ಸೋರಿ ಚರ್ಮ ಸುಡುತ್ತದೆ. ಮೊದಲ ದಿನ ಮುಖ ತಿರುಗಿಸಿಕೊಂಡು ಮಲಗಿದ್ದ ರೋಗಿ ನಾಲ್ಕನೆಯ ದಿನ ತಾನೇ ಕತ್ತರಿ ಹಿಡಿದರೆ ಆ ಕ್ಷಣದ ತೃಪ್ತಿ ಶುಶ್ರೂಷಕಿಯ ಪಾಲಿಗೆ ದೊಡ್ಡದು. ಮ್ಯಾಸ್ಲಾಕ್ ಹೇಳುವ ಮೂರನೆಯ ಮುಖಕ್ಕೆ, ಅಂದರೆ ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವಕ್ಕೆ, ಇಂಥ ಕೌಶಲಕ್ಕಿಂತ ಒಳ್ಳೆಯ ಮದ್ದು ಬೇರೆಯಿಲ್ಲ. ಅದನ್ನು ಕಲಿಸದೆ, ಕಲಿತವರಿಗೆ ಅದೇ ಕೆಲಸದಲ್ಲಿ ನಿಲ್ಲಲು ಬಿಡದೆ, ತಿಂಗಳಿಗೊಂದು ವಾರ್ಡಿಗೆ ತಿರುಗಿಸುವ ಪದ್ಧತಿ ಆ ಮದ್ದನ್ನೇ ಕಸಿದುಕೊಳ್ಳುತ್ತದೆ.

ಪ್ರದೇಶದ ಬದುಕೂ ಈ ರೋಗಕ್ಕೆ ತನ್ನದೇ ಬಣ್ಣ ಕೊಡುತ್ತದೆ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದ ಚಿಕ್ಕಬಳ್ಳಾಪುರ, ವರ್ಷವಿಡೀ ಹರಿಯುವ ನದಿಯಿಲ್ಲದೆ ಸಾವಿರ ಅಡಿ ಮೀರಿದ ಕೊಳವೆಬಾವಿಗಳನ್ನು ನಂಬಿಕೊಂಡ ಸೀಮೆ. ದಿನಕ್ಕೆ ಹತ್ತಾರು ಸಲ ಶೌಚಕ್ಕೆ ಹೋಗಬೇಕಾದ ರೋಗಿಗೆ ಇಲ್ಲಿ ನೀರೇ ಒಂದು ಚಿಂತೆ. ಶಿಡ್ಲಘಟ್ಟದ ರೇಷ್ಮೆ ಕಸುಬಿನಲ್ಲಿ, ನಾಲ್ಕನೆಯ ಜ್ವರ (ಪೊರೆ ಕಳಚುವ ಹಂತ) ದಾಟಿದ ಹುಳುಗಳಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕಾದವರಿಗೆ, ಬಿಸಿನೀರಿನಲ್ಲಿ ತೇಲುವ ಗೂಡಿನ ಎಳೆಯನ್ನು ಬಿಡದೆ ನಿಂತು ತೆಗೆಯಬೇಕಾದ ರೀಲಿಂಗ್ ಕೆಲಸಗಾರರಿಗೆ, ತಡೆಯಲಾಗದ ಭೇದಿಯ ಅವಸರವೆಂದರೆ ಕೂಲಿಗೇ ಕುತ್ತು. ಚಿಂತಾಮಣಿಯ ಮಾರುಕಟ್ಟೆಗೆ ಟೊಮೆಟೊ ತಂದು ಹರಾಜಿಗೆ ಕಾಯುವ ರೈತ, ಗೌರಿಬಿದನೂರಿನ ಕಾರ್ಖಾನೆಯ ಹೆಣ್ಣುಮಗಳು, ಇವರೆಲ್ಲ ಹೊರಗೆ ಹೊರಟ ದಿನ ಏನನ್ನೂ ತಿನ್ನದೆ ಕುಡಿಯದೆ ಇದ್ದು ಮತ್ತಷ್ಟು ಸೊರಗುತ್ತಾರೆ. ‘ಮುದ್ದೆ ತಿನ್ನಬಹುದಾ ಸಿಸ್ಟರ್?’ ಎಂಬ ಪ್ರಶ್ನೆಗೆ ಉತ್ತರ ಹೇಳುವುದೂ ಸುಲಭವಲ್ಲ. ರೋಗ ಉಲ್ಬಣಿಸಿದಾಗ, ಅದರಲ್ಲೂ ಕರುಳು ಕಿರಿದಾಗಿದ್ದರೆ, ನಾರಿನಂಶ ಕಡಿಮೆ ಮಾಡಲು ಹೇಳಬೇಕಾಗುತ್ತದೆ; ಆದರೆ ರಾಗಿಯಷ್ಟೇ ಇರುವ ಮನೆಗೆ ಬೇರೆ ಆಹಾರ ಸೂಚಿಸುವುದೆಂದರೆ ಬಡತನದ ಬಗ್ಗೆ ಮಾತಾಡಿದಂತೆ. ವೈದ್ಯರು ‘ಡಯಟ್ ಸಿಸ್ಟರ್ ಹೇಳ್ತಾರೆ’ ಎಂದು ಮುಂದಿನ ಮಂಚಕ್ಕೆ ನಡೆದ ಮೇಲೆ ಆ ಮಾತುಕತೆ ಶುಶ್ರೂಷಕಿಯ ಪಾಲಿಗೆ ಉಳಿಯುತ್ತದೆ.

ಸಣ್ಣ ಊರಿನಲ್ಲಿ ಶುಶ್ರೂಷಕಿ ಮತ್ತು ರೋಗಿ ಅಪರಿಚಿತರಾಗಿ ಉಳಿಯುವುದಿಲ್ಲ. ಮದುವೆಗೆ ಮೊದಲು ಮಗಳ ರೋಗವನ್ನು ಮುಚ್ಚಿಡಲು ಕೈಮುಗಿಯುವ ತಾಯಿ, ಅತ್ತೆಯ ಮನೆಗೆ ಗೊತ್ತಾಗಬಾರದೆಂದು ಮಾತ್ರೆಯ ಹಾಳೆಯನ್ನು ಸೆರಗಿನಲ್ಲಿ ಕಟ್ಟಿಕೊಳ್ಳುವ ಸೊಸೆ, ಸಂತೆಯಲ್ಲೋ ಬಸ್ ನಿಲ್ದಾಣದಲ್ಲೋ ಎದುರಾದಾಗ ಕಂಡೂ ಕಾಣದಂತೆ ಹೋಗುತ್ತಾರೆ. ಗುಟ್ಟು ಕಾಯುವುದು ವೃತ್ತಿಧರ್ಮವೇ ಸರಿ. ಆದರೆ ಒಬ್ಬಳೇ ಹೊತ್ತ ಹತ್ತಾರು ಗುಟ್ಟುಗಳಿಗೂ ತೂಕವಿದೆ.

ಭಾರತದ ಸಂದರ್ಭದಲ್ಲಿ ಈ ಹೊರೆಗೆ ಮತ್ತೊಂದು ಗೊಂದಲ ಸೇರುತ್ತದೆ. ಕರುಳಿನ ಕ್ಷಯ ಮತ್ತು ಕ್ರೋನ್ಸ್ ರೋಗ ಕೊಲೊನೊಸ್ಕೋಪಿಯಲ್ಲೂ ಸೂಕ್ಷ್ಮದರ್ಶಕದ ಕೆಳಗೂ ಒಂದನ್ನೊಂದು ಹೋಲುತ್ತವೆ. ಒಂದಕ್ಕೆ ಕೊಡುವ ಸ್ಟೀರಾಯ್ಡ್ ಇನ್ನೊಂದನ್ನು ಕೆರಳಿಸಬಲ್ಲುದು. ಹೀಗಾಗಿ ಅನುಮಾನವಿದ್ದಾಗ ಮೊದಲು ಕ್ಷಯದ ಔಷಧಿಯನ್ನೇ ಕೆಲವು ತಿಂಗಳು ಕೊಟ್ಟು ನೋಡುವುದು ಇಲ್ಲಿನ ವೈದ್ಯಕೀಯ ರೂಢಿ. ಆ ತಿಂಗಳುಗಳಲ್ಲಿ ರೋಗಿಗೆ ಇರುವುದು ನಿಜವಾಗಿ ಯಾವ ರೋಗವೆಂದು ಯಾರೂ ಹೇಳಲಾರರು. ‘ಟಿ.ಬಿ. ಅಂದ್ರಲ್ಲ, ಈಗ ಅಲ್ಲ ಅಂತಿದ್ದಾರೆ’ ಎಂಬ ದೂರನ್ನು ಕೇಳಿಸಿಕೊಳ್ಳುವವಳು, ತಾನು ಮಾಡದ ನಿರ್ಧಾರಕ್ಕೆ ಸಮಾಧಾನ ಹೇಳುವವಳು ಶುಶ್ರೂಷಕಿ. ಹಾಕ್‌ಶೀಲ್ಡ್ ಹೇಳಿದ ಭಾವಶ್ರಮಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ವಿರಳ.

ವ್ಯವಸ್ಥೆಯ ಕಡೆಗೆ ತಿರುಗಿದರೆ, ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಬೋಧನಾ ಆಸ್ಪತ್ರೆಗಳಲ್ಲಿ ಮೂವರು ರೋಗಿಗಳಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ಶುಶ್ರೂಷಕಿಯರಿರಬೇಕೆನ್ನುತ್ತದೆ; ಸರ್ಕಾರಿ ಆಸ್ಪತ್ರೆಯ ರಾತ್ರಿ ಪಾಳಿಯನ್ನು ಒಮ್ಮೆ ಕಂಡವರಿಗೆ ಇದು ಎಷ್ಟು ದೂರದ ಮಾತೆಂದು ವಿವರಿಸಬೇಕಿಲ್ಲ. ಬ್ರಿಟನ್ನಿನಲ್ಲಿಯೂ ಯುರೋಪಿನಲ್ಲಿಯೂ ಕರುಳಿನ ಉರಿಯೂತದ ರೋಗಿಗಳಿಗೆಂದೇ ಪರಿಣತಿ ಪಡೆದ ಶುಶ್ರೂಷಕಿಯರಿದ್ದು, ದೂರವಾಣಿಯಲ್ಲಿ ಸಲಹೆ ಕೊಡುವುದು ಅವರ ಗಣನೆಗೆ ಬರುವ ಕೆಲಸವಾಗಿದೆ. ಇಲ್ಲಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಅಂಥ ಹುದ್ದೆಯಿಲ್ಲ, ಆದರೆ ಕೆಲಸವಿದೆ. ರೋಗ ಬಿಗಡಾಯಿಸಿದರೆ ರೋಗಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆಗೋ ಬೇರೆ ದೊಡ್ಡ ಆಸ್ಪತ್ರೆಗೋ ಹೋಗಬೇಕು. ಇನ್‌ಫ್ಲಿಕ್ಸಿಮ್ಯಾಬ್‌ನಂಥ ಜೈವಿಕ ಔಷಧಿಯನ್ನು ಆರಂಭದಲ್ಲಿ, ಎರಡನೆಯ ಮತ್ತು ಆರನೆಯ ವಾರದಲ್ಲಿ, ಆಮೇಲೆ ಎಂಟು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಡಲಾಗುತ್ತದೆ. ಕೂಲಿಯವರಿಗೆ ಪ್ರತಿ ಪ್ರಯಾಣವೂ ಒಂದು ದಿನದ ಸಂಬಳದ ನಷ್ಟ. ಹಾಗೆ ಹೋದ ರೋಗಿಯ ಗತಿ ಏನಾಯಿತೆಂಬ ಸುದ್ದಿ, ಮೊದಲು ಅವನ ಭೇದಿಯನ್ನು ಎಣಿಸಿದವಳಿಗೆ ಮರಳಿ ಬರುವ ದಾರಿಯೇ ಇಲ್ಲ. ಚೇತರಿಸಿಕೊಂಡವರು ಬರುವುದಿಲ್ಲ, ಮತ್ತೆ ಬರುವವರು ಉಲ್ಬಣಿಸಿದವರೇ. ಆದಕಾರಣ ಅವಳ ಅನುಭವದಲ್ಲಿ ರೋಗ ಸದಾ ಸೋಲಿನ ಕತೆಯಾಗಿಯೇ ಕಾಣುತ್ತದೆ.

ಇಸಬೆಲ್ ಮೆನ್ಸೀಸ್ ಲಂಡನ್ನಿನ ಆಸ್ಪತ್ರೆಯೊಂದನ್ನು ಅಧ್ಯಯನ ಮಾಡಿ 1960ರಲ್ಲಿ ಪ್ರಕಟಿಸಿದ ಪ್ರಬಂಧ ಇಲ್ಲಿ ನೆನಪಿಗೆ ತಂದುಕೊಳ್ಳಬೇಕಾದದ್ದು. ಶುಶ್ರೂಷಕಿಯರ ಆತಂಕವನ್ನು ದೂರವಿಡಲೆಂದು ಆಸ್ಪತ್ರೆ ಕೆಲಸವನ್ನು ತುಂಡುತುಂಡಾಗಿ ಹಂಚಿ, ಒಬ್ಬ ರೋಗಿಯೊಂದಿಗೆ ಬಹುಕಾಲ ಇರದಂತೆ ಮಾಡಿತ್ತು. ಅದರಿಂದ ಆತಂಕ ತಗ್ಗಲಿಲ್ಲ, ಕೆಲಸದ ತೃಪ್ತಿ ಮಾತ್ರ ಹೋಯಿತೆಂದು ಆಕೆ ತೋರಿಸಿದರು. ನಮ್ಮ ವಾರ್ಡುಗಳ ಬಗ್ಗೆಯೂ ಈ ತೀರ್ಮಾನ ನಿಲ್ಲುತ್ತದೆ. ಶುಶ್ರೂಷಕಿಯರಿಗೆ ವರ್ಷಕ್ಕೊಮ್ಮೆ ಯೋಗ, ಧ್ಯಾನದ ಶಿಬಿರ ಏರ್ಪಡಿಸುವುದು ತಪ್ಪೇನಲ್ಲ. ಆದರೆ ಕೆಲಸದ ಏರ್ಪಾಡನ್ನು ಹಾಗೆಯೇ ಬಿಟ್ಟು ಮನಸ್ಸನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿರೆಂದು ಹೇಳುವುದು ನ್ಯಾಯವಲ್ಲ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳು ತೆರೆದಿದೆ. ಅದರ ಸಂಖ್ಯೆ ರೋಗಿಗಳಿಗಾಗಿ ಗೋಡೆಯ ಮೇಲೆ ಇರುವಂತೆ ಡ್ಯೂಟಿ ಕೋಣೆಯ ಒಳಗೂ ಇರಬೇಕು.

ಚಿಕ್ಕಬಳ್ಳಾಪುರ ಈಗ ವೈದ್ಯಕೀಯ ಶಿಕ್ಷಣದ ಜಿಲ್ಲೆಯಾಗಿದೆ. ಆರೂರಿನ ಬಳಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದಲ್ಲಿ 2023ರ ಮಾರ್ಚ್ 25ರಂದು ಉದ್ಘಾಟನೆಯಾದ ಕಾಲೇಜಿದೆ. ಈ ಸಂಸ್ಥೆಗಳ ಶುಶ್ರೂಷಾ ಅಧ್ಯಾಪಕರಲ್ಲಿ, ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ಕೇಳಿಕೊಳ್ಳಬೇಕಾದುದು ಇಷ್ಟು: ಜಿಲ್ಲೆಯ ತಾಲ್ಲೂಕು ಕೇಂದ್ರಗಳ ಆಸ್ಪತ್ರೆಗಳಲ್ಲಿ ತಲಾ ಇಬ್ಬರು ಶುಶ್ರೂಷಕಿಯರಿಗೆ ಸ್ಟೋಮಾ ಮತ್ತು ಕರುಳಿನ ರೋಗಗಳ ಆರೈಕೆಯಲ್ಲಿ ತರಬೇತಿ ಕೊಟ್ಟು, ಅವರನ್ನು ಆ ಕೆಲಸದಲ್ಲೇ ಕೆಲವು ವರ್ಷ ಉಳಿಸಿ, ಬೆಂಗಳೂರಿಗೆ ಕಳಿಸಿದ ಪ್ರತಿ ರೋಗಿಯ ಬಿಡುಗಡೆ ಪತ್ರದ ಒಂದು ಪ್ರತಿ ಅವರ ಕೈಗೆ ತಲುಪುವಂತೆ ಮಾಡಿರಿ.