ಮಿಕ್ಕಿದ್ದು ಯಾರ ಪಾಲು?

ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರ ಸೀಮೆಯಲ್ಲಿ ಕ್ರೈಸ್ತರ ಸಂಖ್ಯೆ ದೊಡ್ಡದಲ್ಲ. ಆದರೂ ಹಣ, ಆಸ್ತಿ, ಆಡಂಬರಗಳ ಬಗ್ಗೆ ಕ್ರೈಸ್ತ ಧರ್ಮ ಎರಡು ಸಾವಿರ ವರ್ಷಗಳಿಂದ ತನ್ನೊಳಗೇ ನಡೆಸಿಕೊಂಡು ಬಂದ ವಾದದ ಮುಖ್ಯ ತಿರುವುಗಳನ್ನು ಈ ಸೀಮೆಯಲ್ಲೂ ಇದರ ನೆರೆಹೊರೆಯಲ್ಲೂ ಗುರುತಿಸಬಹುದು. ಕಾವಿಯುಟ್ಟು ಬಂದ ಪಾದ್ರಿಗಳು, ದುಡಿಮೆಗೆ ಲೆಕ್ಕಾಚಾರದ ಶಿಸ್ತು ಕಲಿಸಿದ ಮಿಷನರಿಗಳು, ದಲಿತರ ಹಕ್ಕಿನ ಮಾತೆತ್ತಿದ ಚಿಂತಕರು ಬೇರೆ ಬೇರೆ ಕಾಲದಲ್ಲಿ ಒಂದೇ ಪ್ರಶ್ನೆಗೆ ಉತ್ತರ ಹುಡುಕಿದರು: ಬದುಕಿಗೆ ಬೇಕಾದಷ್ಟು ಕಳೆದು ಮಿಕ್ಕಿದ್ದು ಯಾರ ಪಾಲು?

ದಾನದಿಂದ ಋಣದ ಕಡೆಗೆ

ಶುಭಸಂದೇಶಗಳಲ್ಲೇ ಈ ವಿಷಯಕ್ಕೆ ಎರಡು ದನಿಗಳಿವೆ. ಶ್ರೀಮಂತ ಯುವಕನಿಗೆ ಯೇಸು ಇದ್ದದ್ದೆಲ್ಲವನ್ನೂ ಮಾರಿ ಬಡವರಿಗೆ ಹಂಚು ಎನ್ನುತ್ತಾನೆ. ತೆರಿಗೆ ವಸೂಲಿಯ ಜಕ್ಕಾಯ ಅರ್ಧ ಆಸ್ತಿಯನ್ನಷ್ಟೇ ಕೊಡುತ್ತೇನೆಂದಾಗ ಅವನ ಮನೆಗೂ ರಕ್ಷಣೆ ಬಂತೆಂದು ಒಪ್ಪುತ್ತಾನೆ. ಮುಂದಿನ ಶತಮಾನಗಳು ಈ ಎರಡರ ನಡುವೆ ಓಡಾಡಿದವು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಅಲೆಕ್ಸಾಂಡ್ರಿಯದ ಕ್ಲೆಮೆಂಟ್, ದೋಷವಿರುವುದು ಹಣದಲ್ಲಲ್ಲ, ಅದಕ್ಕೆ ಅಂಟಿಕೊಂಡ ಮನಸ್ಸಿನಲ್ಲಿ ಎಂದು ವಾದಿಸಿದ. ಅದೇ ಈಜಿಪ್ಟಿನಲ್ಲಿ ಸಂತ ಅಂತೋಣಿ ಪಿತ್ರಾರ್ಜಿತ ಜಮೀನು ಬಿಟ್ಟುಕೊಟ್ಟು ಮರುಭೂಮಿ ಸೇರಿದ.

ವಾದಕ್ಕೆ ನಿಜವಾದ ತಿರುವು ಸಿಕ್ಕಿದ್ದು ನಾಲ್ಕನೆಯ ಶತಮಾನದಲ್ಲಿ. 369ರ ಆಸುಪಾಸಿನ ಬರಗಾಲದಲ್ಲಿ ಕೈಸರಿಯದ ಬೆಸಿಲ್ ಕಣಜ ತುಂಬಿಕೊಂಡು ಕೂತ ಸಿರಿವಂತರನ್ನು ಎದುರು ನಿಲ್ಲಿಸಿ ಕೇಳಿದ: ಕೂಡಿಟ್ಟ ಅನ್ನ ಹಸಿದವನದು, ಪೆಟ್ಟಿಗೆಯಲ್ಲಿಟ್ಟ ಬಟ್ಟೆ ಬೆತ್ತಲೆ ನಿಂತವನದು, ನಿನ್ನದೆನ್ನಲು ನಿನಗೇನು ಹಕ್ಕು? ಸಂತ ಜಾನ್ ಕ್ರಿಸೊಸ್ತೊಮ್ ಇನ್ನೂ ಮುಂದೆ ಹೋಗಿ, ಹಂಚಿಕೊಳ್ಳದಿರುವುದು ಕಳ್ಳತನಕ್ಕೆ ಸಮ ಎಂದ. ಕೊಡುವುದು ದೊಡ್ಡಸ್ತಿಕೆಯಾಗಿದ್ದ ಲೋಕದಲ್ಲಿ ಇವರು ಅದನ್ನು ಋಣವಾಗಿಸಿದರು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಕ್ರೈಸ್ತ ಚಿಂತನೆ ಕೊಟ್ಟ ಅತಿ ದೊಡ್ಡ ಕಾಣಿಕೆ ಇದು. ಮುಂದಿನದೆಲ್ಲ ಈ ಋಣವನ್ನು ನೆನೆದ ಮತ್ತು ಮರೆತ ಚರಿತ್ರೆ.

ಮರೆವು ಬೇಗ ಬಂತು. ಚರ್ಚು ತಾನೇ ಭೂಮಾಲೀಕನಾಯಿತು. ಹದಿಮೂರನೆಯ ಶತಮಾನದಲ್ಲಿ ಬಟ್ಟೆ ವ್ಯಾಪಾರಿಯ ಮಗ ಅಸ್ಸಿಸಿಯ ಫ್ರಾನ್ಸಿಸ್ ಬಡತನವನ್ನು ವರಿಸಿ ಆ ಋಣವನ್ನು ನೆನಪಿಸಿದ. ಆದರೆ 1323ರಲ್ಲಿ, ಕ್ರಿಸ್ತನಿಗೂ ಶಿಷ್ಯರಿಗೂ ಸ್ವಂತದ್ದೇನೂ ಇರಲಿಲ್ಲ ಎಂಬ ವಾದವನ್ನೇ ಪೋಪ್ 22ನೆಯ ಜಾನ್ ಧರ್ಮವಿರೋಧಿ ಎಂದು ಘೋಷಿಸಿದರು. 1517ರಲ್ಲಿ ಲೂಥರ್ ಸಿಡಿದೆದ್ದದ್ದು ಪಾಪದ ಶಿಕ್ಷೆಯಿಂದ ಬಿಡುಗಡೆ ಕೊಡುವ ಪತ್ರಗಳನ್ನು ಹಣಕ್ಕೆ ಮಾರುತ್ತಿದ್ದುದರ ವಿರುದ್ಧ.

ಕಾವಿಯುಟ್ಟ ಪಾದ್ರಿಗಳು

ಕನ್ನಡ ನೆಲಕ್ಕೆ ಈ ಪರಂಪರೆ ಬಂದಾಗ ತ್ಯಾಗದ ದಾರಿಯೇ ಮುಂದಾಯಿತು. 1606ರಲ್ಲಿ ಮದುರೆಗೆ ಬಂದ ರಾಬರ್ಟೊ ದ ನೊಬಿಲಿ ಸನ್ಯಾಸಿಯಂತೆ ಬದುಕಿ ತೋರಿಸಿದ ಮಾದರಿಯಲ್ಲಿ, 1640ರ ದಶಕದ ಕೊನೆಗೆ ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಆರಂಭಿಸಿದರು. ಸನ್ಯಾಸಿಯ ಉಡುಪು, ಮಿತಾಹಾರ, ಕನ್ನಡದ ಮಾತು ಅವರ ಬಂಡವಾಳ. ಇದಕ್ಕೆ ಕಾರಣ ಸ್ಪಷ್ಟ. ಇಲ್ಲಿನ ಜನ ಗುರುವನ್ನು ಅಳೆಯುತ್ತಿದ್ದುದು ಅವನು ಬಿಟ್ಟದ್ದರಿಂದ. ಇಂದಿಗೂ ಹಾಗೆಯೇ. 1907ರಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳನ್ನು ಜನ ಎಲ್ಲ ಮತಗಳ ಗಡಿ ದಾಟಿ ಗೌರವಿಸಿದ್ದು ಅವರ ಸರಳ ಬದುಕಿಗೆ ಮತ್ತು ದಾಸೋಹಕ್ಕೆ.

ಕನಕಪುರ ತಾಲ್ಲೂಕಿನ ಹಾರೋಬೆಲೆ ಈ ಸೀಮೆಯ ಹಳೆಯ ಕಥೋಲಿಕ ಊರು. ಒಕ್ಕಲುತನದ ಈ ಊರು ಅನೇಕ ಗುರುಗಳನ್ನೂ ಸನ್ಯಾಸಿನಿಯರನ್ನೂ ಕೊಟ್ಟಿದೆ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬುವಾ ಕೂಡ 1823ರವರೆಗೆ ಇಲ್ಲಿಯವರ ಉಡುಗೆ, ಊಟದಲ್ಲೇ ಬದುಕಿದರು. ನೆಲೆ ಕಳೆದುಕೊಂಡ ಕ್ರೈಸ್ತರಿಗೆ ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ದಾರಿ ಮಾಡಿಕೊಟ್ಟರು. ಆದರೆ ತ್ಯಾಗದ ದಾರಿಗೊಂದು ಮಿತಿಯಿತ್ತು. ಬಡತನದ ವ್ರತ ಗುರುಗಳ ಪಾಲಾಗಿ ಉಳಿಯಿತು. ಸಂಸಾರಸ್ಥ ತನ್ನ ಗಳಿಕೆಯನ್ನು ಏನು ಮಾಡಬೇಕೆಂಬುದಕ್ಕೆ ಅದರಲ್ಲಿ ಪೂರ್ತಿ ಉತ್ತರವಿರಲಿಲ್ಲ.

ದುಡಿಮೆಯ ಲೆಕ್ಕ

ಆ ಉತ್ತರಕ್ಕೆ ಕೈಹಾಕಿದವರು ಪ್ರಾಟೆಸ್ಟೆಂಟರು. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ 1760ರಲ್ಲಿ ಅಚ್ಚಾದ ಪ್ರವಚನವೊಂದರಲ್ಲಿ ಮೂರು ಸೂತ್ರ ಹೇಳಿದ: ನ್ಯಾಯವಾಗಿ ಆದಷ್ಟು ಗಳಿಸು, ಆದಷ್ಟು ಉಳಿಸು, ಆದಷ್ಟು ಕೊಡು. ಮೂರನೆಯದಿಲ್ಲದೆ ಮೊದಲೆರಡಕ್ಕೆ ಅವನಲ್ಲಿ ಬೆಲೆಯಿರಲಿಲ್ಲ.

ಮಾಗಡಿಯ ನೆರೆಯ ತುಮಕೂರು ಜಿಲ್ಲೆಯ ಗುಬ್ಬಿಗೆ 1839ರಲ್ಲಿ ಇದೇ ಪಂಥದ ತರುಣ ವಿಲಿಯಂ ಆರ್ಥರ್ ಬಂದರು. ಆರೋಗ್ಯ ಕೆಟ್ಟು 1841ರಲ್ಲಿ ಮರಳಿದರು. 1852ರಲ್ಲಿ ಪ್ರಾಮಾಣಿಕ ಕಿರಾಣಿ ವ್ಯಾಪಾರಿಯೊಬ್ಬನ ಜೀವನಚರಿತ್ರೆ ಬರೆದು ಹೆಸರಾದರು. 1855ರಲ್ಲಿ, ವರಮಾನದ ಗೊತ್ತಾದ ಒಂದು ಪಾಲನ್ನು ಕೊಡುವುದು ಪ್ರತಿಯೊಬ್ಬನ ಕರ್ತವ್ಯ ಎಂದು ಉಪನ್ಯಾಸ ಮಾಡಿದರು. ಮನಸ್ಸು ಕರಗಿದಾಗ ಕೊಡುವುದರಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ಲೆಕ್ಕವಿಟ್ಟು, ಮೊದಲೇ ತೆಗೆದಿಟ್ಟು ಕೊಡಬೇಕು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಇದನ್ನೇ ಸಂಸ್ಥೆಯ ಮಟ್ಟದಲ್ಲಿ ಪ್ರಯೋಗಿಸಿತು. ಮತಾಂತರಗೊಂಡು ಕುಲಕಸುಬು, ಆಸರೆ ಎರಡೂ ತಪ್ಪಿದವರಿಗೆ ನೇಯ್ಗೆ ಕಲಿಸಿತು. 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿತು. ಉದ್ಯಮದ ಲಾಭ ಮಿಷನ್ ಕೆಲಸಕ್ಕೆ ಒದಗಬೇಕೆಂಬುದು ಅದರ ಉದ್ದೇಶ.

ಈ ದಾರಿಯ ಅಪಾಯವನ್ನು ಮೊದಲು ಕಂಡವನೂ ವೆಸ್ಲಿಯೇ. ದುಡಿಮೆ, ಮಿತವ್ಯಯಗಳಿಂದ ತನ್ನ ಅನುಯಾಯಿಗಳು ಸಿರಿವಂತರಾದರು, ಕೊಡುವ ಸೂತ್ರವನ್ನು ಮಾತ್ರ ಮರೆತರು ಎಂದು ಮುಪ್ಪಿನಲ್ಲಿ ಆತ ನೊಂದು ಹೇಳಿದ.

ಬಡವರೇ ಪ್ರಶ್ನೆ ಕೇಳಿದಾಗ

ಇಲ್ಲಿಯವರೆಗೆ ಮಾತು ಉಳ್ಳವರ ಆತ್ಮದ ಬಗ್ಗೆ ನಡೆದಿತ್ತು. 1891ರಲ್ಲಿ ಪೋಪ್ 13ನೆಯ ಲಿಯೊ ಕಾರ್ಮಿಕರ ನ್ಯಾಯವಾದ ಕೂಲಿಯನ್ನು ಧರ್ಮದ ವಿಷಯವಾಗಿಸಿದರು. 1971ರಲ್ಲಿ ಪೆರು ದೇಶದ ಗುಸ್ತಾವೊ ಗುಟಿಯೆರೆಸ್ ವಿಮೋಚನಾ ದೇವಶಾಸ್ತ್ರವನ್ನು ಮುಂದಿಟ್ಟರು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಬೆಳೆಯಿತು. ಶ್ರೀಮಂತ ಎಷ್ಟು ಇಟ್ಟುಕೊಳ್ಳಬಹುದು ಎಂಬುದರ ಜೊತೆಗೆ, ಈ ಜನ ಬಡವರಾಗಿ ಉಳಿದದ್ದು ಯಾರಿಂದ ಎಂಬ ಪ್ರಶ್ನೆಯೂ ಎದ್ದಿತು. ಸನ್ಯಾಸಿ ಪಾದ್ರಿಯ ತ್ಯಾಗ ಮುಟ್ಟದ, ಮಿಷನರಿಯ ಶಿಸ್ತು ಅರ್ಧ ಮಾತ್ರ ಮುಟ್ಟಿದ ಜಾಗ ಇದು. ಬರಿಗೈಯವನಿಗೆ ಬಡತನದ ಹಿರಿಮೆಯನ್ನು ಬೋಧಿಸುವುದು ಕ್ರೌರ್ಯ.

ಇದೇ ಕಾಲದಲ್ಲಿ ನಂಬಿದವನಿಗೆ ಸಂಪತ್ತು ಖಂಡಿತ ಎನ್ನುವ ಸಮೃದ್ಧಿಯ ಬೋಧನೆಯೂ ಅಮೆರಿಕದಿಂದ ಹೊರಟು ಟಿ.ವಿ., ಮೊಬೈಲುಗಳ ಮೂಲಕ ನಮ್ಮ ಊರುಗಳನ್ನು ಮುಟ್ಟಿದೆ. ಕೂಲಿಯವನು ಒಳ್ಳೆಯ ಮನೆಗಾಗಿ ಪ್ರಾರ್ಥಿಸುವುದರಲ್ಲಿ ತಪ್ಪಿಲ್ಲ. ಆದರೆ ಹೆಚ್ಚು ಮರಳಿ ಬರಲೆಂದು ಕಾಣಿಕೆ ಹಾಕಿಸುವುದು ಬೆಸಿಲ್ ಹೇಳಿದ ಋಣವನ್ನು ಬಡ್ಡಿ ವ್ಯವಹಾರವಾಗಿಸುತ್ತದೆ. ಹಾಗೆ ಮರಳಿ ಬರದಿದ್ದರೆ ತಪ್ಪು ಬಡವನ ನಂಬಿಕೆಯದೇ ಆಗುತ್ತದೆ.

ಆಡಂಬರದ ಪ್ರಶ್ನೆ ಈ ಸೀಮೆಗೆ ಇನ್ನೂ ಹತ್ತಿರ ಬಂದಿದೆ. 2019ರ ಡಿಸೆಂಬರ್ 25ರಂದು ಹಾರೋಬೆಲೆಯ ಕಪಾಲಬೆಟ್ಟದಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಶಂಕುಸ್ಥಾಪನೆಯಾಯಿತು. ಅದನ್ನು ವಿರೋಧಿಸಿ ಹೊರಗೆ ನಡೆದ ಗದ್ದಲ ರಾಜಕೀಯದ್ದು. ಊರವರ ಭಕ್ತಿ ಗೌರವಕ್ಕೆ ಯೋಗ್ಯ. ಆದರೆ ದೇಗುಲಕ್ಕೆ ಚಿನ್ನದ ಪಾತ್ರೆ ಕೊಡುವ ಮೊದಲು ಹಸಿದವನಿಗೆ ಉಣಿಸು ಎಂದ ಕ್ರಿಸೊಸ್ತೊಮ್ ಎಲ್ಲ ಎತ್ತರದ ಕಟ್ಟಡಗಳಿಗೂ ಒಳಗಿನಿಂದಲೇ ಕೇಳುವ ಪ್ರಶ್ನೆಯೊಂದಿದೆ. ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ 1970ರ ದಶಕದ ಕೊನೆಯಿಂದ ಕುಷ್ಠರೋಗಿಗಳ ಪುನರ್ವಸತಿಗೆ ಚರ್ಚು ನಡೆಸಿಕೊಂಡು ಬಂದ ಕೆಲಸ ಆ ಪ್ರಶ್ನೆಗೆ ಒಂದು ಒಳ್ಳೆಯ ಉತ್ತರ.

ಮೂರು ದಾರಿಗಳಲ್ಲಿ ಒಂದೊಂದೇ ಸಾಲದು. ಗುರುವಿನ ಸರಳತೆ ಇಲ್ಲದೆ ಬೋಧನೆಗೆ ಬೆಲೆ ಬರುವುದಿಲ್ಲ, ಲೆಕ್ಕವಿಲ್ಲದೆ ಔದಾರ್ಯ ಉಳಿಯುವುದಿಲ್ಲ, ನ್ಯಾಯವಿಲ್ಲದೆ ದಾನ ಹಳೆಯ ಮೇಲು ಕೀಳನ್ನೇ ಕಾಯುತ್ತದೆ. ಮೂರನ್ನೂ ಕೂಡಿಸುವ ಕೆಲಸಕ್ಕೆ ಹೊಸ ದೇವಶಾಸ್ತ್ರ ಬೇಡ. ಪ್ರತಿ ಚರ್ಚು ತನ್ನ ಆದಾಯ, ಆಸ್ತಿ, ಖರ್ಚುಗಳ ಲೆಕ್ಕವನ್ನು ಸಭಿಕರ ಮುಂದೆ ಬಿಚ್ಚಿಡಲಿ. ಪ್ರತಿ ಕುಟುಂಬ ಮದುವೆಯ ಖರ್ಚು ನಿಗದಿ ಮಾಡುವ ಮೊದಲು ಬೇರೆಯವರ ಪಾಲನ್ನು ತೆಗೆದಿಡಲಿ. ಆ ಪಾಲು ಯಾರಿಗೆ ಹೋಗಬೇಕೆಂದು ತೀರ್ಮಾನಿಸುವ ಮೇಜಿನಲ್ಲಿ ಬಡವರೂ ಕೂರಲಿ.