ಸಹಿ ಯಾರದು, ಮೈ ಯಾರದು?

‘ರೋಗಿ ಬಯಸಿದ್ದೂ ಹಾಲು-ಅನ್ನ, ವೈದ್ಯ ಹೇಳಿದ್ದೂ ಹಾಲು-ಅನ್ನ’ ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಈ ಗಾದೆಯಲ್ಲಿ ಇರುವವರು ಇಬ್ಬರೇ, ರೋಗಿ ಮತ್ತು ವೈದ್ಯ. ರೋಗಿಗೆ ಒಂದು ಬಯಕೆ ಇದೆ, ಅದು ವೈದ್ಯನ ಕಿವಿಗೂ ಬಿದ್ದಿದೆ. ನಮ್ಮ ಮನೆಗಳಲ್ಲಿ ಹಾಗಿರುತ್ತದೆಯೆ? ಹೆಣ್ಣುಮಗಳು ಕಾಯಿಲೆ ಬಿದ್ದರಂತೂ ಅವಳಿಗೂ ವೈದ್ಯರಿಗೂ ನಡುವೆ ಗಂಡ, ಅತ್ತೆ, ಮಾವ, ಭಾವ, ದೊಡ್ಡ ಮಗ ಎಲ್ಲರೂ ನಿಂತಿರುತ್ತಾರೆ. ಒಳಗೆ ಮಂಚದ ಮೇಲೆ ಮಲಗಿದವಳು ಸೂರು ನೋಡುತ್ತಿದ್ದರೆ, ಅವಳ ಮೈಯ ಮಾತು ಹೊರಗೆ ವರಾಂಡದಲ್ಲಿ ನಡೆದಿರುತ್ತದೆ. ಈ ವರಾಂಡದ ಮಾತಿಗೂ ಒಂದು ಇತಿಹಾಸವಿದೆ. ನಾನು ಇತಿಹಾಸ ಕಲಿಸುವವಳಾದ್ದರಿಂದ ಅದನ್ನು ನಮ್ಮ ಹುಬ್ಬಳ್ಳಿಯಿಂದಲೇ ಆರಂಭಿಸುತ್ತೇನೆ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಮರುವರ್ಷ, 1897ರ ಫೆಬ್ರುವರಿಯಲ್ಲಿ, ಸರಕಾರ ಸಾಂಕ್ರಾಮಿಕ ರೋಗಗಳ ಕಾಯಿದೆ ಮಾಡಿತು. ಮನೆ ಹೊಕ್ಕು ಹುಡುಕುವುದು, ರೋಗಿಯನ್ನು ಎಳೆದೊಯ್ಯುವುದು, ಮನೆಯವರನ್ನು ಬೇರೆಡೆ ಇರಿಸುವುದು, ಸಾಮಾನು ಸುಡುವುದು, ಎಲ್ಲವೂ ನಡೆಯಿತು. ಪ್ಲೇಗಿನ ಗಡ್ಡೆ ಏಳುವುದು ಕಂಕುಳಲ್ಲಿ, ತೊಡೆಯ ಸಂದಿಯಲ್ಲಿ. ಅಲ್ಲಿ ಮುಟ್ಟಿ ನೋಡಲು ಪರಗಂಡಸರು ಬಂದರೆ ಹೆಂಗಸರ ಗತಿ ಏನು? ಪುಣೆಯಲ್ಲಿ ಸೋಲ್ಜರರು ಮನೆ ಹೊಕ್ಕ ಸಿಟ್ಟು ಎಷ್ಟಿತ್ತೆಂದರೆ, 1897ರ ಜೂನ್ 22ರಂದು ಚಾಪೇಕರ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿಸಿದರು. 1898ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ದಂಗೆ ಎದ್ದದ್ದು ಒಬ್ಬ ಹುಡುಗಿಯನ್ನು ಪರೀಕ್ಷಿಸಲು ಹೋದಾಗ. ಈ ಘಟನೆಗಳನ್ನು ನಮ್ಮ ಪುಸ್ತಕಗಳು ಸ್ವಾತಂತ್ರ್ಯ ಹೋರಾಟದ ಅಧ್ಯಾಯದಲ್ಲಿ ಹೇಳುತ್ತವೆ. ಅವುಗಳ ಬೇರಿನಲ್ಲಿ ಇದ್ದದ್ದು ‘ನನ್ನನ್ನು ಕೇಳದೆ ನನ್ನ ಮೈ ಮುಟ್ಟಬೇಡ’ ಎಂಬ ಮಾತೂ ಹೌದು.

ಆಗ ಮುಂಬಯಿ ಇಲಾಖೆಗೆ ಸೇರಿದ್ದ ಹುಬ್ಬಳ್ಳಿ ಸುಮಾರು ಐವತ್ತು ಸಾವಿರ ಜನರಿದ್ದ ಊರು. ರೈಲು, ಗಿರಣಿ, ಅರಳೆ ಪೇಟೆ ಇದ್ದುದರಿಂದ ಬೇನೆಯೂ ಬೇಗ ಬಂತು. ಅಷ್ಟರಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ಸಿದ್ಧಪಡಿಸಿದ್ದ. 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದ. 1898ರ ಮೇ ತಿಂಗಳಿಂದ ಸಪ್ಟೆಂಬರವರೆಗೆ ಹುಬ್ಬಳ್ಳಿಯಲ್ಲಿ ಸರ್ಜನ್ ಕ್ಯಾಪ್ಟನ್ ಲ್ಯೂಮನ್ ಎಂಬವರ ಮುಂದಾಳತ್ವದಲ್ಲಿ ಮೂವತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಈ ಲಸಿಕೆ ಬಿತ್ತು. ಊರಲ್ಲಿ ಉಳಿದವರ ಪೈಕಿ ಹೆಚ್ಚುಕಡಿಮೆ ಎಲ್ಲರೂ ತೋಳು ಚಾಚಿದರು ಎನ್ನಬಹುದು. ಧಾರವಾಡ-ಗದಗ ಭಾಗದಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆ ಸಾವಿರಾರು ಜನರಿಗೆ ಚುಚ್ಚಿದಳು. ಸೂಜಿ ಹಿಡಿದವಳು ಹೆಣ್ಣು ಎಂಬ ಒಂದೇ ಕಾರಣಕ್ಕೆ ಎಷ್ಟು ಮನೆಗಳ ನಡುಮನೆ ಬಾಗಿಲು ತೆರೆದಿರಬಹುದು, ನೀವೇ ಊಹಿಸಿ.

ಇದನ್ನು ಪೂರ್ತಿ ಸ್ವಂತ ಇಚ್ಛೆಯ ಒಪ್ಪಿಗೆ ಎನ್ನಲು ನನಗೆ ಮನಸ್ಸಿಲ್ಲ. ಲಸಿಕೆಯ ಚೀಟಿ ಇದ್ದವರಿಗೆ ಪ್ರಯಾಣದ ತಡೆಯಲ್ಲಿ, ಪ್ರತ್ಯೇಕವಾಸದಲ್ಲಿ ರಿಯಾಯಿತಿ ಇತ್ತು. ಹೊಟ್ಟೆಪಾಡಿಗೆ ಹೊರಗೆ ಹೋಗಲೇಬೇಕಾದವನಿಗೆ ಅದು ಆಯ್ಕೆಯೂ ಹೌದು, ಒತ್ತಾಯವೂ ಹೌದು. ಆದರೂ ಪುಣೆಗೂ ಹುಬ್ಬಳ್ಳಿಗೂ ಒಂದು ವ್ಯತ್ಯಾಸ ಕಾಣುತ್ತದೆ. ಚುಚ್ಚಿಸಿಕೊಂಡವರಲ್ಲಿ ಸಾವು ಕಡಿಮೆ ಎಂಬುದನ್ನು ಇಲ್ಲಿಯ ಜನ ತಮ್ಮ ಓಣಿಯಲ್ಲೇ ನೋಡಿ ತೂಗಬಹುದಿತ್ತು.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮಲ್ಕೋವಾಲ ಎಂಬ ಹಳ್ಳಿಯಲ್ಲಿ ಇದೇ ಲಸಿಕೆಯ ಒಂದು ಸೀಸೆಯಿಂದ ಚುಚ್ಚಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ ಮೇಲೆ ಆರೋಪ ಬಂತು. ಐದು ವರ್ಷದ ಮೇಲೆ, 1907ರಲ್ಲಿ, ಅವನ ತಪ್ಪಿಲ್ಲವೆಂದು ಇತ್ಯರ್ಥವಾಯಿತು. ಔಷಧದ ಗುಣದ ಜೊತೆ ಅಪಾಯವನ್ನೂ ಹೇಳಬೇಕು. ಹೇಳಿದ ಮೇಲೆ ಜನ ಒಪ್ಪಿದರೆ ಆ ಒಪ್ಪಿಗೆಗೆ ಬಲ ಹೆಚ್ಚು.

ಸ್ವಾತಂತ್ರ್ಯ ಬಂದ ಮೇಲೆ ನಮ್ಮಲ್ಲಿ ಆಸ್ಪತ್ರೆಗಳು ಹೆಚ್ಚಿದವು. 1957ರಲ್ಲಿ ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಆರಂಭವಾಯಿತು. ಮುಂದೆ ಕಿಮ್ಸ್ ಎಂದು ನಾಡಿಗೆಲ್ಲ ಹೆಸರಾದದ್ದು ಅದೇ. ಬಾಗಲಕೋಟೆ, ಗದಗ, ಹಾವೇರಿ, ಕಾರವಾರದ ಕಡೆಯಿಂದ ರೋಗಿಯ ಜೊತೆ ಬುತ್ತಿಗಂಟು, ಚಾದರ ಹೊತ್ತು ಮನೆಮಂದಿ ಬಂದು ಅದರ ಆವರಣದಲ್ಲಿ ರಾತ್ರಿ ಕಳೆಯುವುದನ್ನು ನೋಡುತ್ತಲೇ ನಾನು ಬೆಳೆದೆ. ಸರಕಾರದ ಬಣ್ಣದ ಆಳು ಸೂಜಿ ಹಿಡಿದು ಬರುವ ಕಾಲ ಹೋಯಿತು. ‘ಡಾಕ್ಟರ್ ಸಾಹೇಬ್ರು ಹೇಳ್ಯಾರ’ ಎಂಬ ಕಾಲ ಬಂತು. ಡಾಕ್ಟರು ದೇವರಾದರು. ದೇವರನ್ನು ಯಾರು ಪ್ರಶ್ನೆ ಕೇಳುತ್ತಾರೆ?

ಆ ಕಾಲದಲ್ಲಿ ನಮ್ಮ ಹೆಂಗಸರಿಗೆ ಪ್ರಶ್ನೆ ಕೇಳುವಷ್ಟು ತಿಳಿವಳಿಕೆ ಕೊಟ್ಟವರಲ್ಲಿ ಡಾ. ಅನುಪಮಾ ನಿರಂಜನರನ್ನು ಮೊದಲು ನೆನೆಯಬೇಕು. ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿ, ಕೆಲಕಾಲ ನಮ್ಮ ಧಾರವಾಡದಲ್ಲೂ ವೈದ್ಯವೃತ್ತಿ ಮಾಡಿದವರು. ‘ತಾಯಿ-ಮಗು’, ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’ ಎಂದು ಮುಟ್ಟು, ಬಸಿರು, ಬಾಣಂತನಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಕನ್ನಡದಲ್ಲಿ ಬರೆದರು. ತಮ್ಮ ಮೈಯೊಳಗಿನ ಅಂಗಾಂಗಗಳ ಹೆಸರನ್ನು ನಾಚಿಕೆಯಿಲ್ಲದೆ ಓದಬಹುದೆಂದು ನನ್ನ ತಾಯಿಯ ತಲೆಮಾರಿನವರಿಗೆ ಗೊತ್ತಾದದ್ದು ಇಂಥ ಪುಸ್ತಕಗಳಿಂದ. ಅವರೇ ಕ್ಯಾನ್ಸರಿಗೆ ತುತ್ತಾಗಿ 1991ರಲ್ಲಿ ತೀರಿಕೊಂಡರು.

ಆದರೆ ಓದು ಎಲ್ಲ ಮನೆಗೂ ತಲುಪಿರಲಿಲ್ಲ. ನನ್ನ ಸೋದರತ್ತೆಗೆ 1984ರಲ್ಲಿ, ಮೂವತ್ತಾರರ ವಯಸ್ಸಿಗೆ, ಮುಟ್ಟಿನ ಸ್ರಾವ ನಿಲ್ಲದಾಯಿತು. ಒಂದು ನರ್ಸಿಂಗ್ ಹೋಮಿಗೆ ಸೇರಿಸಿದರು. ‘ಗಡ್ಡಿ ಐತಿ, ತಗೀತಾರ’ ಎಂದಷ್ಟೇ ಅವಳಿಗೆ ಗೊತ್ತು. ಕಾಗದಕ್ಕೆ ಮಾಮಾ ಸಹಿ ಹಾಕಿದರು, ಸಾಕ್ಷಿಗೆ ಅವರಣ್ಣ. ತಿಂಗಳುಗಳು ಕಳೆದರೂ ಮುಟ್ಟು ಬಾರದಿದ್ದಾಗ ಅತ್ತೆ ಕೇಳಿದಳು. ಗರ್ಭಚೀಲವನ್ನೇ ತೆಗೆದಿದ್ದಾರೆಂದು ಆಗ ತಿಳಿಯಿತು. ‘ನನ್ನ ಚೀಲ ತಗ್ಯಾಕ ನನಗೊಂದ ಮಾತು ಕೇಳಬೇಕಿತ್ತಿಲ್ಲೋ?’ ಎಂದು ನಮ್ಮವ್ವನ ಮುಂದೆ ಕೂತು ಅತ್ತದ್ದು ನನಗೆ ನೆನಪಿದೆ. ಮಾಮಾ ಕೆಟ್ಟವರಲ್ಲ. ಆ ಆಪರೇಶನ್ನಿಗೆ ಎರಡು ಎಕರೆ ಹೊಲ ಮಾರಿದವರು. ಡಾಕ್ಟರೂ ಜೀವ ಉಳಿಯಲೆಂದೇ ಮಾಡಿರಬೇಕು. ಕೆಟ್ಟವರು ಯಾರೂ ಇಲ್ಲದೆಯೂ ಒಬ್ಬ ಹೆಣ್ಣುಮಗಳಿಗೆ ಅನ್ಯಾಯವಾಗಬಹುದು ಎಂಬುದನ್ನು ನಾನು ಅವಳ ಕಣ್ಣೀರಿನಲ್ಲಿ ಕಂಡೆ.

ಇದೇ ಪ್ರಶ್ನೆ ಮುಂದೆ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 1995ರಲ್ಲಿ ದಿಲ್ಲಿಯ ಸಮೀರಾ ಕೊಹ್ಲಿ ಎಂಬ 44 ವರ್ಷದ ಅವಿವಾಹಿತೆ ಲ್ಯಾಪರೋಸ್ಕೋಪಿ ತಪಾಸಣೆಗೆಂದು ಸಹಿ ಮಾಡಿ ಮಲಗಿದರು. ಅವರು ಎಚ್ಚರ ತಪ್ಪಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಯಿತು. ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ 2008ರ ಜನವರಿ 16ರಂದು ಬರೆದ ತೀರ್ಪು ಸ್ಪಷ್ಟವಾಗಿತ್ತು. ವಯಸ್ಸಿಗೆ ಬಂದ, ಬುದ್ಧಿ ಸರಿಯಿರುವ ರೋಗಿಯ ಪರವಾಗಿ ತಾಯಿಯೂ ಒಪ್ಪಿಗೆ ಕೊಡಲಾಗದು. ತಪಾಸಣೆಗೆ ಕೊಟ್ಟ ಒಪ್ಪಿಗೆ ಆಪರೇಶನ್ನಿಗೆ ನಡೆಯದು. ಜೀವಕ್ಕೆ ತಕ್ಷಣದ ಅಪಾಯವಿದ್ದಾಗ ಮಾತ್ರ ಇದಕ್ಕೆ ವಿನಾಯಿತಿ. ಯಾವ ಚಿಕಿತ್ಸೆ, ಯಾಕೆ, ಬೇರೆ ದಾರಿ ಇದೆಯೆ, ಮುಖ್ಯ ಅಪಾಯವೇನು, ಬೇಡವೆಂದರೆ ಏನಾಗುತ್ತದೆ, ಇಷ್ಟನ್ನೂ ವೈದ್ಯರು ಹೇಳಬೇಕು. ಅವರಿಗೆ ದೊರೆತ ಪರಿಹಾರ 25,000 ರೂಪಾಯಿ. ಹಣ ಸಣ್ಣದು, ಮಾತು ದೊಡ್ಡದು.

ಕಾನೂನು ಎಲ್ಲ ಕಡೆ ಒಂದೇ ದನಿಯಲ್ಲಿ ಮಾತಾಡುತ್ತದೆ ಎಂದುಕೊಳ್ಳಬೇಡಿ. 1971ರ ಗರ್ಭಪಾತ ಕಾಯಿದೆಯಲ್ಲಿ ವಯಸ್ಕ ಹೆಣ್ಣಿನ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ. ಆದರೆ 2002ರ ವೈದ್ಯಕೀಯ ಪರಿಷತ್ತಿನ ನಿಯಮಾವಳಿ, ಬಂಜೆತನ ಉಂಟಾಗಬಹುದಾದ ಆಪರೇಶನ್ನಿಗೆ ಗಂಡ-ಹೆಂಡತಿ ಇಬ್ಬರ ಒಪ್ಪಿಗೆಯೂ ಬೇಕು ಎನ್ನುತ್ತದೆ. ಇಬ್ಬರೂ ಎಂದರೆ ಇಬ್ಬರೂ. ಗಂಡನೊಬ್ಬನೇ ಎಂದು ಅಲ್ಲೂ ಬರೆದಿಲ್ಲ. ಇಷ್ಟಾದ ಮೇಲೂ ಕಲಬುರಗಿ ಜಿಲ್ಲೆಯಿಂದ, ನಮ್ಮ ಪಕ್ಕದ ರಾಣೇಬೆನ್ನೂರಿನಿಂದ, ಬಡ ಹೆಣ್ಣುಮಕ್ಕಳ ಗರ್ಭಚೀಲವನ್ನು ಅನಗತ್ಯವಾಗಿ ತೆಗೆದರೆಂಬ ದೂರುಗಳು ಬಂದವು. ಅವರಲ್ಲಿ ಲಂಬಾಣಿ ತಾಂಡಾಗಳ ಹೆಂಗಸರು ಬಹಳ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಬೇಕಾಯಿತು. ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಕೇಳಿದಂತಾಗುವುದಿಲ್ಲ.

ಹಾಗಾದರೆ ಮನೆಮಂದಿ ಈ ಮಾತಿನಿಂದ ದೂರ ಇರಬೇಕೆ? ಖಂಡಿತ ಅಲ್ಲ. ರೊಕ್ಕ ಹೊಂದಿಸುವವರು, ರಾತ್ರಿ ಎಚ್ಚರ ಕೂಡುವವರು, ಮನೆಗೆ ಬಂದ ಮೇಲೆ ಎತ್ತಿ ಕೂಡಿಸುವವರು ಅವರೇ. ಉತ್ತರ ಕನ್ನಡದ ಹಳದೀಪುರದಿಂದ ಹೋಗಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗರನ್ನು ನೆನೆಯಿರಿ. 1973ರ ನವೆಂಬರಿನ ಕ್ರೂರ ಹಲ್ಲೆಯ ಮೇಲೆ ಆಕೆ ಮಾತಿಲ್ಲದೆ ಮಲಗಿದರು. ಆಕೆಯ ಕೃತಕ ಆಹಾರ ನಿಲ್ಲಿಸಬೇಕೆಂಬ ಅರ್ಜಿ ಬಂದಾಗ, ಆಕೆಯ ಪರವಾಗಿ ಮಾತಾಡುವ ಹಕ್ಕು ದಿನವೂ ತಿನ್ನಿಸಿ, ತೊಳೆದು, ನೋಡಿಕೊಂಡ ಆಸ್ಪತ್ರೆಯವರದೆಂದು 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಹೇಳಿತು. ಅವರು ಬೇಡವೆಂದರು. 2015ರ ಮೇ 18ರಂದು ಆಕೆ ಸಹಜವಾಗಿ ತೀರಿಕೊಂಡರು. ಸೇವೆ ಮಾಡಿದವರು ಮನೆಯವರಾದರು. ಆದರೂ ಆಕೆಗೆ ಏನು ಬೇಕಿತ್ತು ಎಂಬುದು ಕಡೆಯವರೆಗೂ ಯಾರಿಗೂ ತಿಳಿಯಲಿಲ್ಲ.

ಆ ಪ್ರಶ್ನೆಗೆ ಉತ್ತರವನ್ನು ಬುದ್ಧಿ ನೆಟ್ಟಗಿದ್ದಾಗಲೇ ಬರೆದಿಡಬಹುದು ಎಂದು 2018ರ ಮಾರ್ಚ್ 9ರ ತೀರ್ಪು ಹೇಳಿತು. ಗುಣವಾಗುವ ಆಸೆಯಿಲ್ಲದ ಸ್ಥಿತಿ ಬಂದರೆ ಯಂತ್ರಗಳ ಮೇಲೆ ಉಸಿರು ಎಳೆಯುವುದು ಬೇಕೋ ಬೇಡವೋ ಎಂಬ ಮುಂಗಡ ಪತ್ರ ಅದು. 2023ರಲ್ಲಿ ಅದರ ವಿಧಾನ ಸರಳವಾಯಿತು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಮಾಡಿದರೆ ಸಾಕು. 2025ರ ಜನವರಿಯಲ್ಲಿ ನಮ್ಮ ಸರಕಾರ ಇದರ ಜಾರಿಗೆ ಸುತ್ತೋಲೆ ಹೊರಡಿಸಿತು. ಎರಡು ವೈದ್ಯ ಮಂಡಳಿಗಳು ನೋಡಬೇಕು, ಪತ್ರದಲ್ಲಿ ಹೆಸರಿಸಿದವರು ಅಥವಾ ಹತ್ತಿರದ ಬಂಧುಗಳು ಒಪ್ಪಬೇಕು. ರೋಗಿ, ವೈದ್ಯ, ಮನೆಮಂದಿ ಮೂವರಿಗೂ ಅಲ್ಲಿ ಜಾಗವಿದೆ. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಘನತೆಯಿಂದ ಸಾಯುವ ಹಕ್ಕಿಗಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಪತ್ರ ಬರೆದು, ಕೋರ್ಟು ಕಚೇರಿ ಅಲೆದವರು. ನಮ್ಮಂತೆ ಚಾಕ್‌ಪೀಸು ಹಿಡಿದ ಕೈ ಅದು ಎಂದು ನನಗೆ ಅಭಿಮಾನ.

ಮೂವರೂ ಕೂಡಿ ಮಾತಾಡಿದರೆ ಹೇಗಿರುತ್ತದೆ ಎಂಬುದನ್ನು ನನ್ನ ಅವ್ವನ ಕೊನೆಗಾಲದಲ್ಲಿ ಕಂಡೆ. 2016ರಲ್ಲಿ, ಅವಳ ಎಪ್ಪತ್ತೆಂಟನೆಯ ವಯಸ್ಸಿಗೆ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಕಾಮಾಲೆ ಏರಿ ಮೈತುಂಬ ತುರಿಕೆ. ‘ಅವ್ವಗ ಹೇಳಬ್ಯಾಡ್ರಿ’ ಎಂದು ಅಣ್ಣಂದಿರು ವರಾಂಡದಲ್ಲಿ ಕೈ ಮುಗಿದರು. ಡಾಕ್ಟರು ‘ಅವರ ಮುಂದನ ಮಾತಾಡೂಣು ಬರ್ರಿ’ ಎಂದು ಒಳಗೆ ಕರೆದು, ಸ್ಟೂಲು ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತರು. ಆಪರೇಶನ್ ಆಗುವ ಹಂತ ದಾಟಿದೆ, ಕೀಮೋ ಕೊಟ್ಟರೆ ಕೆಲವು ತಿಂಗಳು ಸಿಗಬಹುದು, ವಾಂತಿ-ನಿತ್ರಾಣ ಇರುತ್ತದೆ, ಬೇಡವೆಂದರೆ ನೋವಿಗೆ ಔಷಧ ಕೊಟ್ಟು ಮನೆಯಲ್ಲೇ ನೋಡಿಕೊಳ್ಳಬಹುದು ಎಂದು ನಿಧಾನವಾಗಿ ಹೇಳಿದರು.

ಅವ್ವ ಕೇಳಿದ್ದು ಒಂದೇ: ‘ಔಷಧ ತಗೊಂಡ್ರ ಅಡಗಿ ಮನೀತನಕ ನಡ್ಯಾಕ ಬರ್ತೈತೇನ್ರಿ?’

‘ಖಾತ್ರಿ ಹೇಳಾಕ ಆಗೂದಿಲ್ಲವ್ವಾ.’

‘ಹಂಗಾರ ಬ್ಯಾಡ.’

ದೊಡ್ಡಣ್ಣ ತಡೆಯಲಾರದೆ, ‘ರೊಕ್ಕಕ್ಕ ಹೆದರಿ ಬಿಟ್ರು ಅಂತಾರ ಜನಾ’ ಎಂದ. ‘ಮೈ ಜನರದಲ್ಲೋ, ನಂದು’ ಎಂದಳು ಅವ್ವ. ಪಿತ್ತನಾಳಕ್ಕೆ ಒಂದು ಸಣ್ಣ ನಳಿಗೆ ಹಾಕಿದರೆ ತುರಿಕೆ ತಗ್ಗುತ್ತದೆ ಎಂದರು ಡಾಕ್ಟರು. ಅದಕ್ಕೂ ಅವ್ವ ತಲೆ ಅಲ್ಲಾಡಿಸಿದಳು. ಆಗ ಅಣ್ಣ ಅವಳ ಕಾಲು ಹಿಡಿದು, ‘ರಾತ್ರಿ ನೀ ಕೆರಕೋತ ಕುಂದ್ರೂದು ನೋಡಾಕ ಆಗವಲ್ದಬೇ, ಇದೊಂದು ನಮ್ಮ ಸಲುವಾಗಿ’ ಎಂದ. ಅವ್ವ ಒಪ್ಪಿದಳು. ಕೀಮೋ ಬಿಟ್ಟದ್ದು ಅವಳ ಮಾತು, ನಳಿಗೆ ಹಾಕಿಸಿದ್ದು ಮಕ್ಕಳ ಮಾತು, ಎರಡಕ್ಕೂ ದಾರಿ ತೋರಿಸಿದ್ದು ಡಾಕ್ಟರ ಮಾತು. ಐದು ತಿಂಗಳು ಬದುಕಿದಳು. ಅದರಲ್ಲಿ ಮೂರು ತಿಂಗಳು ಅಡಿಗೆ ಮನೆಯ ಹೊಸ್ತಿಲ ಮೇಲೆ ಕೂತು ಸೊಸೆಯಂದಿರಿಗೆ ಉಪ್ಪು-ಖಾರದ ಅಳತೆ ಹೇಳಿದಳು.

ಓದುಗ ಗೆಳತಿಯರೆ, ನಾಳೆ ನಿಮ್ಮ ಮುಂದೆ ಅಂಥ ಕಾಗದ ಬಂದರೆ ಓದದೆ ಸಹಿ ಹಾಕಬೇಡಿ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಏನನ್ನು ತೆಗೆಯುತ್ತೀರಿ, ಯಾಕೆ, ಬೇರೆ ದಾರಿಯಿಲ್ಲವೆ, ಎರಡು ತಿಂಗಳು ತಡೆದರೆ ಏನಾಗುತ್ತದೆ ಎಂದು ಕೇಳಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ಅಪಮಾನವಲ್ಲ. ನಿಮ್ಮ ದಾಖಲೆ ಕೇಳಿದರೆ 72 ತಾಸಿನೊಳಗೆ ಕೊಡಬೇಕೆಂದು 2002ರ ನಿಯಮವೇ ಹೇಳುತ್ತದೆ. ನಿಮ್ಮ ಮನೆಯಲ್ಲಿ ಅತ್ತೆಯೋ ತಾಯಿಯೋ ಮಲಗಿದ್ದರೆ, ಡಾಕ್ಟರನ್ನು ವರಾಂಡಕ್ಕೆ ಕರೆಯುವ ಮೊದಲು ಅವರ ಮಂಚದ ಹತ್ತಿರ ಒಂದು ಸ್ಟೂಲು ಹಾಕಿಕೊಡಿ.